ಇಲಿಗೆ ಕೆಜಿಗೆ 10 ಮಿ.ಗ್ರಾಂ ಆದರೆ ಅವ್ವನಿಗೆ ಎಷ್ಟು?

ಪ್ರಶ್ನೆ: ನಮ್ಮೂರು ಸೇಡಂ ಹತ್ತಿರ. ಅವ್ವನಿಗೆ 61 ವರ್ಷ, ತೂಕ 54 ಕೆಜಿ. ತೊಗರಿ ಹೊಲದಲ್ಲಿ ದುಡಿದು ದುಡಿದು ಎರಡೂ ಮೊಣಕಾಲು ಸವೆದಿವೆ, ಬಲಗಡೆದು ಬಾವು ಬಂದಿದೆ. ಕಲಬುರಗಿಯಲ್ಲಿ ತೋರಿಸಿದೆವು. ಡೈಕ್ಲೋಫೆನಾಕ್ 50 ಮಿ.ಗ್ರಾಂ ಬೆಳಿಗ್ಗೆ ಒಂದು, ರಾತ್ರಿ ಒಂದು, ಹತ್ತು ದಿನಕ್ಕೆ ಬರೆದುಕೊಟ್ಟರು. ನೋವು ಅರ್ಧ ಇಳಿದಿದೆ, ಪೂರ್ತಿ ಹೋಗಿಲ್ಲ. ನನ್ನ ತಮ್ಮ ಬಿ.ಫಾರ್ಮ್ ಓದುತ್ತಿದ್ದಾನೆ. ಅವನ ಸೀನಿಯರ್‌ಗಳ ಪ್ರಾಜೆಕ್ಟ್ ವರದಿಯಲ್ಲಿ ಇಲಿಗಳಿಗೆ ಡೈಕ್ಲೋಫೆನಾಕ್ ಕೆಜಿಗೆ 10 ಮಿ.ಗ್ರಾಂ, ಅರಿಶಿನದ ಸಾರ ಕೆಜಿಗೆ 400 ಮಿ.ಗ್ರಾಂ ಕೊಟ್ಟಿದ್ದಾರೆ. ಎರಡರಲ್ಲೂ ಬಾವು ಚೆನ್ನಾಗಿ ಇಳಿದಿದೆಯಂತೆ. ಆ ಲೆಕ್ಕದಲ್ಲಿ ಅವ್ವನಿಗೆ 540 ಮಿ.ಗ್ರಾಂ ಬೇಕಲ್ವಾ? ಡಾಕ್ಟರ್ ಕೊಟ್ಟ 100 ಹೇಗೆ ಸಾಲುತ್ತದೆ? ಅರಿಶಿನ ಆದರೆ ದಿನಕ್ಕೆ ಎಷ್ಟು ಚಮಚ ಕೊಡಬಹುದು? ಬಿಪಿ ಗುಳಿಗೆಯೂ ನಡೆದಿದೆ.

ಉತ್ತರ: ಮೊದಲು ಕೆಲಸದ ಮಾತು. 540 ಮಿ.ಗ್ರಾಂ ಕೊಡಬೇಡಿ. ದೊಡ್ಡವರಿಗೆ ದಿನಕ್ಕೆ ಡೈಕ್ಲೋಫೆನಾಕ್ ಹೆಚ್ಚೆಂದರೆ 150 ಮಿ.ಗ್ರಾಂ. ನಿಮ್ಮ ಲೆಕ್ಕ ಅದರ ಮೂರೂವರೆ ಪಟ್ಟು ದಾಟುತ್ತದೆ. ಅಷ್ಟು ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗಬಹುದು, ಮೂತ್ರಪಿಂಡ ಕೈಕೊಡಬಹುದು. ನಿಮ್ಮ ಡಾಕ್ಟರ್ ಕಮ್ಮಿ ಬರೆದಿಲ್ಲ. ಸರಿಯಾಗೇ ಬರೆದಿದ್ದಾರೆ.

ಆದರೆ ನಿಮ್ಮ ಪ್ರಶ್ನೆ ದಡ್ಡ ಪ್ರಶ್ನೆ ಅಲ್ಲ. ಔಷಧಶಾಸ್ತ್ರ ಕಲಿಸುವ ನಾನು ಇದನ್ನು ಪ್ರತಿ ವರ್ಷ ಹುಡುಗರ ಬಾಯಲ್ಲಿ ಕೇಳುತ್ತೇನೆ. ವೈವಾದಲ್ಲಿ, ಅಂದರೆ ಬಾಯಿಪರೀಕ್ಷೆಯಲ್ಲಿ, ಕೇಳಿದರೆ ಅರ್ಧ ಕ್ಲಾಸು ಇದೇ ಗುಣಾಕಾರ ಮಾಡುತ್ತದೆ. ಹಾಗಾಗಿ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ತಮ್ಮನಿಗೂ ಓದಿಸಿ.

ಆ ವರದಿಯಲ್ಲಿ ನಡೆದದ್ದು ಏನು ಅಂತ ನೋಡೋಣ. ಈ ಪ್ರಯೋಗ ಹಳೆಯದು. 1962ರಲ್ಲಿ ವಿಂಟರ್ ಮತ್ತು ಜೊತೆಗಾರರು ಪ್ರಕಟಿಸಿದ್ದು. ಇವತ್ತಿಗೂ ಫಾರ್ಮಸಿ ಕಾಲೇಜುಗಳಲ್ಲಿ ಹೆಚ್ಚೂಕಮ್ಮಿ ಹಾಗೇ ನಡೆಯುತ್ತದೆ. ಸುಮಾರು 200 ಗ್ರಾಂ ತೂಗುವ ವಿಸ್ಟಾರ್ ಜಾತಿಯ ಬಿಳಿ ಇಲಿ. ಅದರ ಹಿಂಗಾಲಿನ ಕೀಲಿನ ಹತ್ತಿರ ಪೆನ್ನಿನಿಂದ ಒಂದು ಗೆರೆ ಎಳೆಯುತ್ತಾರೆ. ಪಾದವನ್ನು ಆ ಗೆರೆಯ ತನಕ ಪ್ಲೆಥಿಸ್ಮೋಮೀಟರ್ ಎಂಬ ಉಪಕರಣದ ಕೊಳವೆಯಲ್ಲಿ ಅದ್ದುತ್ತಾರೆ. ಎಷ್ಟು ದ್ರವ ಮೇಲೇರಿತೋ ಅಷ್ಟು ಪಾದದ ಗಾತ್ರ. ಆಮೇಲೆ ಬಾಯಿಯ ಮೂಲಕ ಔಷಧಿ ಕೊಡುತ್ತಾರೆ. ಅರ್ಧ ಗಂಟೆಯೋ ಒಂದು ಗಂಟೆಯೋ ಬಿಟ್ಟು ಅಂಗಾಲಿಗೆ ಕ್ಯಾರಜೀನನ್ ಎಂಬ ದ್ರಾವಣ ಚುಚ್ಚುತ್ತಾರೆ, ಶೇ 1ರದ್ದು, 0.1 ಮಿ.ಲೀ. ಇದು ಕೆಂಪು ಸಮುದ್ರ ಪಾಚಿಯಿಂದ ತೆಗೆದ ಅಂಟು ಪದಾರ್ಥ. ಪಾದ ಬಾತುಕೊಳ್ಳುತ್ತದೆ. ಪ್ರತಿ ಗಂಟೆಗೊಮ್ಮೆ ಮತ್ತೆ ಅದ್ದಿ ಅಳೆಯುತ್ತಾರೆ. ಮೂರರಿಂದ ಐದು ಗಂಟೆಯೊಳಗೆ ಬಾವು ತುದಿ ಮುಟ್ಟುತ್ತದೆ.

ಔಷಧಿ ಕೊಡದ ಇಲಿಯ ಪಾದ 0.8 ಮಿ.ಲೀ. ಊದಿಕೊಂಡಿತು, ಔಷಧಿ ಕೊಟ್ಟದ್ದು 0.4 ಮಿ.ಲೀ. ಊದಿಕೊಂಡಿತು ಅಂದುಕೊಳ್ಳಿ. ಆಗ ವರದಿಯಲ್ಲಿ "ಶೇ 50 ತಡೆ" ಅಂತ ಬರೆಯುತ್ತಾರೆ.

ಇಲ್ಲಿ ಗಮನಿಸಿ. ಔಷಧಿ ಮೊದಲು, ಬಾವು ಆಮೇಲೆ. ಅಂದರೆ ಬಾವು ಇಳಿಯಲಿಲ್ಲ, ಪೂರ್ತಿ ಏರುವುದಕ್ಕೆ ಬಿಡಲಿಲ್ಲ ಅಷ್ಟೇ. ನಿಮ್ಮ ಅವ್ವನ ಮೊಣಕಾಲಲ್ಲಿ ನಡೆದಿರುವುದು ವರ್ಷಗಟ್ಟಲೆಯ ಸವೆತ. ಮೃದು ಎಲುಬು ತೆಳ್ಳಗಾಗಿದೆ, ಒಳಪೊರೆ ಆಗಾಗ ಕೆರಳುತ್ತದೆ, ನೀರು ತುಂಬುತ್ತದೆ. ಒಂದು ಮಧ್ಯಾಹ್ನದಲ್ಲಿ ಹುಟ್ಟಿ ಮುಗಿಯುವ ಬಾವಿಗೂ ಇದಕ್ಕೂ ಹೋಲಿಕೆ ಇದೆ, ಆದರೆ ಕಮ್ಮಿ. ಎರಡರಲ್ಲೂ ಪ್ರೊಸ್ಟಾಗ್ಲ್ಯಾಂಡಿನ್ ಎಂಬ ರಾಸಾಯನಿಕಗಳ ಕೈವಾಡ ಇದೆ. ಡೈಕ್ಲೋಫೆನಾಕ್, ಐಬುಪ್ರೊಫೇನ್, ಆಸ್ಪಿರಿನ್ ಎಲ್ಲವೂ ಅದರ ಉತ್ಪಾದನೆಯನ್ನೇ ತಡೆಯುವುದು. 1971ರಲ್ಲಿ ಜಾನ್ ವೇನ್ ಇದನ್ನು ತೋರಿಸಿದರು, 1982ರಲ್ಲಿ ಅವರಿಗೆ ನೊಬೆಲ್ ಬಂತು. ಹೋಲಿಕೆ ಅಲ್ಲಿಗೆ ನಿಲ್ಲುತ್ತದೆ. ಸವೆದ ಮೃದು ಎಲುಬನ್ನು ಈ ಗುಳಿಗೆ ಬೆಳೆಸುವುದಿಲ್ಲ. ನೋವು ಅರ್ಧ ಇಳಿದಿದೆ ಅಂದಿರಲ್ಲ, ಸವೆದ ಮೊಣಕಾಲಿಗೆ ಅದು ಒಳ್ಳೆಯ ಫಲಿತಾಂಶವೇ.

ಈಗ ಡೋಸಿಗೆ ಬರೋಣ.

200 ಗ್ರಾಂ ಇಲಿ ದಿನಕ್ಕೆ 15ರಿಂದ 20 ಗ್ರಾಂ ಒಣ ಆಹಾರ ತಿನ್ನುತ್ತದೆ. ತನ್ನ ತೂಕದ ಹತ್ತನೇ ಒಂದು ಪಾಲಿನ ಹತ್ತಿರ. ಆ ಲೆಕ್ಕದಲ್ಲಿ ನಿಮ್ಮ ಅವ್ವ ದಿನಾ ನಾಲ್ಕೈದು ಕೆಜಿ ಜೋಳ ಖಾಲಿ ಮಾಡಬೇಕು. ಯಾಕೆ ಹೀಗೆ? ಸಣ್ಣ ದೇಹಕ್ಕೆ ತೂಕಕ್ಕೆ ಹೋಲಿಸಿದರೆ ಚರ್ಮ ಜಾಸ್ತಿ. ಶಾಖ ಬೇಗ ಸೋರಿ ಹೋಗುತ್ತದೆ. ಅದಕ್ಕೆ ಒಳಗಿನ ಎಲ್ಲ ಕೆಲಸವೂ ಓಡೋಟದಲ್ಲೇ ನಡೆಯಬೇಕು. ಇಲಿಯ ಹೃದಯ ನಿಮಿಷಕ್ಕೆ 300ಕ್ಕಿಂತ ಜಾಸ್ತಿ ಸಲ ಬಡಿಯುತ್ತದೆ, ನಮ್ಮದು 70-80. ಪಿತ್ತಜನಕಾಂಗ, ಅಂದರೆ ಲಿವರ್, ಅಷ್ಟೇ ಚುರುಕು. ಔಷಧಿ ಒಳಗೆ ಬಿದ್ದ ತಕ್ಷಣ ಅದನ್ನು ಒಡೆದು ಹೊರಹಾಕುವ ಕೆಲಸ ಶುರು. ಹಾಗಾಗಿ ಅದೇ ಪರಿಣಾಮ ಬೇಕೆಂದರೆ ಇಲಿಗೆ ಕೆಜಿ ಲೆಕ್ಕದಲ್ಲಿ ಜಾಸ್ತಿ ಔಷಧಿ ಬೇಕು.

ಈ ಕಾರಣಕ್ಕೇ ತೂಕದ ಬದಲು ದೇಹದ ಮೇಲ್ಮೈ ಲೆಕ್ಕ ಬಂತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲಿ ಒಂದು ಮಾರ್ಗಸೂಚಿ ಕೊಟ್ಟಿತು. ಅದರಲ್ಲಿ ಪ್ರತಿ ಪ್ರಾಣಿಗೂ ಒಂದು ಅಂಕಿ ಇದೆ. ಚಿಟ್ಟಿಲಿಗೆ 3, ಇಲಿಗೆ 6, ಮೊಲಕ್ಕೆ 12, ನಾಯಿಗೆ 20, 60 ಕೆಜಿಯ ಮನುಷ್ಯರಿಗೆ 37. ಇಲಿಯ ಕೆಜಿ ಡೋಸನ್ನು 6ರಿಂದ ಗುಣಿಸಿ 37ರಿಂದ ಭಾಗಿಸಿದರೆ ಮನುಷ್ಯರ ಕೆಜಿ ಡೋಸು. ಸುಲಭಕ್ಕೆ 6.2ರಿಂದ ಭಾಗಿಸಿದರೆ ಸಾಕು. ಚಿಟ್ಟಿಲಿ ಆದರೆ 12.3ರಿಂದ.

ನಿಮ್ಮ ಅಂಕಿ ಹಾಕೋಣ. 10 ಭಾಗಿಸು 6.2, ಕೆಜಿಗೆ 1.6 ಮಿ.ಗ್ರಾಂ. 54 ಕೆಜಿಗೆ ಸುಮಾರು 87 ಮಿ.ಗ್ರಾಂ. ಡಾಕ್ಟರ್ ಬರೆದದ್ದು ದಿನಕ್ಕೆ 100.

ಹತ್ತಿರ ಬಂತಲ್ಲ! ಇಲ್ಲಿ ತಮ್ಮ ಖುಷಿಪಟ್ಟು ಸೂತ್ರವನ್ನು ಡೈರಿಯಲ್ಲಿ ಬರೆದುಕೊಳ್ಳುತ್ತಾನೆ. ಸ್ವಲ್ಪ ತಡೆಯಪ್ಪಾ.

ಈ 10 ಮಿ.ಗ್ರಾಂ ಎಲ್ಲಿಂದ ಬಂತು? ಆ ಪ್ರಾಜೆಕ್ಟಿನಲ್ಲಿ ಪರೀಕ್ಷೆ ಆಗಬೇಕಿದ್ದದ್ದು ಅರಿಶಿನ. ಡೈಕ್ಲೋಫೆನಾಕ್ ಬಂದದ್ದು ಪಕ್ಕದಲ್ಲಿಟ್ಟು ಹೋಲಿಸುವ "ಸ್ಟ್ಯಾಂಡರ್ಡ್" ಔಷಧಿಯಾಗಿ. ಸ್ಟ್ಯಾಂಡರ್ಡಿನ ಡೋಸನ್ನು ಯಾರೂ ಹೊಸದಾಗಿ ಹುಡುಕುವುದಿಲ್ಲ. ಹಿಂದಿನವರ ವರದಿ ನೋಡಿ ಹಾಕುತ್ತಾರೆ, ಇಲ್ಲಾಂದ್ರೆ ಮನುಷ್ಯರ ಡೋಸಿನಿಂದ ಲೆಕ್ಕ ಹಾಕುತ್ತಾರೆ. ನಮ್ಮ ದೇಶದ ಲ್ಯಾಬುಗಳಲ್ಲಿ, ಅದರಲ್ಲೂ ಆಯುರ್ವೇದದ ಸಂಶೋಧನೆಯಲ್ಲಿ, ಇದಕ್ಕೆ ಪ್ಯಾಜೆಟ್ ಮತ್ತು ಬಾರ್ನ್ಸ್ 1964ರಲ್ಲಿ ಕೊಟ್ಟ ಕೋಷ್ಟಕ ಬಳಸುತ್ತಾರೆ. ಮನುಷ್ಯರ ಡೋಸನ್ನು 0.018ರಿಂದ ಗುಣಿಸಿದರೆ 200 ಗ್ರಾಂ ಇಲಿಯ ಡೋಸು ಸಿಗುತ್ತದೆ. ಮಾಡಿ ನೋಡಿ: 100 ಮಿ.ಗ್ರಾಂ ಗುಣಿಸು 0.018, ಒಂದು ಇಲಿಗೆ 1.8 ಮಿ.ಗ್ರಾಂ. ಕೆಜಿಗೆ 9 ಮಿ.ಗ್ರಾಂ. 150ರಿಂದ ಶುರು ಮಾಡಿದರೆ ಕೆಜಿಗೆ 13.5. ಹತ್ತು ಅನ್ನುವುದು ಇವೆರಡರ ನಡುವೆ ಕೂತಿದೆ.

ಅರ್ಥ ಆಯ್ತಲ್ಲ? ದಾರಿ ಹೋಗಿರುವುದು ಮನುಷ್ಯರಿಂದ ಇಲಿಗೆ. ಡೈಕ್ಲೋಫೆನಾಕ್ 100-150 ಮಿ.ಗ್ರಾಂ ಸಾಕು ಅನ್ನುವುದು ಮನುಷ್ಯರ ಮೇಲೆ ನೋಡಿ, ಕೀಲುನೋವಿನ ರೋಗಿಗಳಲ್ಲಿ ಅಳೆದು, ದಶಕಗಳ ಹಿಂದೆಯೇ ಗೊತ್ತಾದ ಮಾತು. ಅದನ್ನು ಮೇಲ್ಮೈ ಲೆಕ್ಕದಲ್ಲಿ ಇಲಿಗೆ ಇಳಿಸಿದರು. ನೀವು ಅದೇ ಅಂಕಿಯನ್ನು ತೂಕದ ಲೆಕ್ಕದಲ್ಲಿ ಮನುಷ್ಯರಿಗೆ ಏರಿಸಿದಿರಿ. ಒಂದು ದಾರಿಯಲ್ಲಿ ಹೋಗಿ ಇನ್ನೊಂದರಲ್ಲಿ ವಾಪಸ್ ಬಂದದ್ದಕ್ಕೆ 100 ಹೋಗಿ 540 ಆಯಿತು. ಮೇಲೆ 87 ಬಂದದ್ದೂ ಸೂತ್ರದ ಗೆಲುವೇನಲ್ಲ. ಹೋದ ದಾರಿಯಲ್ಲೇ ವಾಪಸ್ ಬಂದೆವು, ಅಷ್ಟೇ.

ದೊಡ್ಡವರಿಗೆ ಈ ಗುಳಿಗೆಗಳನ್ನು ಕೆಜಿ ಲೆಕ್ಕದಲ್ಲಿ ಬರೆಯುವುದೇ ಅಪರೂಪ. 54 ಕೆಜಿಯವರಿಗೂ 80 ಕೆಜಿಯವರಿಗೂ ಅದೇ 50ರ ಗುಳಿಗೆ. ಕೆಜಿ ಲೆಕ್ಕ ಮುಖ್ಯವಾಗಿ ಮಕ್ಕಳಿಗೆ.

ಸರಿ, ಗೊತ್ತಿಲ್ಲದ ಹೊಸ ಔಷಧಿಗೆ ಈ 6.2 ನಂಬಬಹುದಾ? ಎಫ್‌ಡಿಎ ಕೂಡ ಪೂರ್ತಿ ನಂಬುವುದಿಲ್ಲ. ಮೊದಲನೆಯದು, ಅವರು ಆ ಸೂತ್ರ ಕೊಟ್ಟಿರುವುದು ಆರೋಗ್ಯವಂತ ಸ್ವಯಂಸೇವಕರಿಗೆ ಮೊಟ್ಟಮೊದಲು ಎಷ್ಟು ಕೊಟ್ಟರೆ ಅಪಾಯ ಇಲ್ಲ ಅಂತ ತಿಳಿಯುವುದಕ್ಕೆ. ರೋಗ ವಾಸಿ ಮಾಡುವ ಡೋಸು ಕಂಡುಹಿಡಿಯುವುದಕ್ಕಲ್ಲ. ಎರಡನೆಯದು, ಸೂತ್ರಕ್ಕೆ ಹಾಕುವುದು ಪ್ರಾಣಿಗೆ ಯಾವ ತೊಂದರೆಯೂ ಕಾಣದ ಡೋಸನ್ನು, ಬಾವು ತಡೆದ ಡೋಸನ್ನಲ್ಲ. ಆಮೇಲೆ ಬಂದ ಉತ್ತರವನ್ನು ಮತ್ತೆ 10ರಿಂದ ಭಾಗಿಸುವುದು ವಾಡಿಕೆ. ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಾರೆ.

ಇಷ್ಟು ಅಂಜಿಕೆ ಯಾಕೆ ಅಂದರೆ, ಪ್ರಾಣಿಯ ಗಾತ್ರ ಒಂದೇ ವ್ಯತ್ಯಾಸ ಅಲ್ಲ. ನ್ಯಾಪ್ರೊಕ್ಸೆನ್ ನೋಡಿ, ಅದೂ ಬಾವಿನ ಗುಳಿಗೆಯೇ. ಮನುಷ್ಯರ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯಲು ಸುಮಾರು 14 ಗಂಟೆ ಬೇಕು. ಇಲಿಯಲ್ಲಿ ಸುಮಾರು 5 ಗಂಟೆ. ಇಲ್ಲಿಯವರೆಗೆ ಸರಿ, ಸಣ್ಣ ಪ್ರಾಣಿ ಬೇಗ ಹೊರಹಾಕಿತು. ನಾಯಿ? ಅದು ಮನುಷ್ಯರಿಗಿಂತ ಚಿಕ್ಕದು, ಹಾಗಾಗಿ 14ಕ್ಕಿಂತ ಕಮ್ಮಿ ಇರಬೇಕು ಅಲ್ವಾ? 35 ಗಂಟೆ! ಮೇಲ್ಮೈ ಸೂತ್ರ ನಂಬಿ ನಾಯಿಗೆ ಜಾಸ್ತಿ ಕೊಟ್ಟರೆ ಅದರ ಹೊಟ್ಟೆ ಹುಣ್ಣಾಗುತ್ತದೆ. ಫಿನೈಲ್‌ಬ್ಯುಟಜೋನ್ ಎಂಬ ಹಳೆಯ ಔಷಧಿ ಇನ್ನೂ ವಿಚಿತ್ರ. ಇಲಿಯಲ್ಲಿ ಅರ್ಧ ಆಗಲು ಸುಮಾರು 6 ಗಂಟೆ, ಮನುಷ್ಯರಲ್ಲಿ ಸುಮಾರು 3 ದಿನ. ಹನ್ನೆರಡು ಪಟ್ಟು. ಯಾವ 6.2 ಇದನ್ನು ಹಿಡಿಯುತ್ತದೆ?

ನಿಮ್ಮ ಡೈಕ್ಲೋಫೆನಾಕ್ ಕಥೆ ಬೇರೆ ಥರ. ಇಲಿಗೆ ಪಿತ್ತಕೋಶದ ಚೀಲವೇ ಇಲ್ಲ, ಪಿತ್ತರಸ ಸದಾ ಕರುಳಿಗೆ ಹರಿಯುತ್ತಿರುತ್ತದೆ. ಡೈಕ್ಲೋಫೆನಾಕ್ ಅದರ ಜೊತೆ ಕರುಳಿಗೆ ಬಂದು, ಮತ್ತೆ ರಕ್ತಕ್ಕೆ ಸೇರಿ, ಮತ್ತೆ ಪಿತ್ತಕ್ಕೆ ಹೋಗುತ್ತದೆ. ಹೀಗೆ ಸುತ್ತುತ್ತಾ ಇಲಿಯ ಸಣ್ಣ ಕರುಳನ್ನು ಹುಣ್ಣು ಮಾಡುತ್ತದೆ. ನಾಲ್ಕು ಗಂಟೆಯ ಪಾದದ ಪ್ರಯೋಗದಲ್ಲಿ ಇದು ಕಾಣುವುದೇ ಇಲ್ಲ. ಯಾಕೆಂದರೆ ಯಾರೂ ಕರುಳು ನೋಡುವುದಿಲ್ಲ, ಪಾದ ಅಳೆದು ಎದ್ದು ಹೋಗುತ್ತಾರೆ. "ಕೆಜಿಗೆ 10 ಮಿ.ಗ್ರಾಂ ಕೊಟ್ಟರೂ ಇಲಿಗೆ ಏನೂ ಆಗಲಿಲ್ಲ" ಅನ್ನುವ ಮಾತನ್ನು ಆ ವರದಿಯಿಂದ ಹೇಳಲಾಗದು.

ಇನ್ನು ರಣಹದ್ದು. ನಮ್ಮ ಕಡೆ ವಯಸ್ಸಾದವರನ್ನು ಕೇಳಿ, ಸತ್ತ ದನ ಊರಾಚೆ ಹಾಕಿದರೆ ಹದ್ದುಗಳ ಹಿಂಡು ಇಳಿಯುತ್ತಿದ್ದದ್ದನ್ನು ಹೇಳುತ್ತಾರೆ. ಈಗ ಎಲ್ಲಿವೆ? ಬೆನ್ನು ಬಿಳಿಯ ರಣಹದ್ದು ಭಾರತದಲ್ಲಿ ಶೇ 99ಕ್ಕಿಂತ ಜಾಸ್ತಿ ನಾಶ ಆಯಿತು. ಕಾರಣ ಇದೇ ಡೈಕ್ಲೋಫೆನಾಕ್ ಅಂತ 2004ರಲ್ಲಿ ಗೊತ್ತಾಯಿತು. ದನಕ್ಕೆ ನೋವಿಗೆ ಚುಚ್ಚಿದ ಔಷಧಿ ಮಾಂಸದಲ್ಲಿ ಉಳಿದಿತ್ತು, ತಿಂದ ಹದ್ದಿನ ಮೂತ್ರಪಿಂಡ ಕೆಟ್ಟು ಸತ್ತಿತು. ಕೆಜಿಗೆ 0.1ರಿಂದ 0.2 ಮಿ.ಗ್ರಾಂ ಸಾಕು ಅರ್ಧ ಹದ್ದುಗಳು ಸಾಯಲು. ನಿಮ್ಮ ಅವ್ವ ದಿನಕ್ಕೆ ಕೆಜಿಗೆ ಸುಮಾರು 1.85 ಮಿ.ಗ್ರಾಂ ತೆಗೆದುಕೊಳ್ಳುತ್ತಿದ್ದಾರೆ, ಇಲಿ 10 ತೆಗೆದುಕೊಂಡಿತು. ಒಂದೇ ಔಷಧಿ, ಮೂರು ಜೀವ. ದೇಹದ ಗಾತ್ರದಿಂದ ಈ ವ್ಯತ್ಯಾಸವನ್ನು ಯಾರೂ ಊಹಿಸುತ್ತಿರಲಿಲ್ಲ. 2006ರಲ್ಲಿ ಸರ್ಕಾರ ಪಶುಗಳಿಗೆ ಡೈಕ್ಲೋಫೆನಾಕ್ ನಿಷೇಧಿಸಿತು, ಅದರ ಬದಲಿಗೆ ಮೆಲಾಕ್ಸಿಕಾಮ್ ಬಂತು. ಬೀದರ್‌ನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇದೆ. ಅಲ್ಲಿ ಓದಿದ ಯಾವ ಡಾಕ್ಟರನ್ನಾದರೂ ಕೇಳಿ, ಎಮ್ಮೆಯ ಡೋಸನ್ನು ಭಾಗಿಸಿ ನಾಯಿಗೆ ಕೊಡುವ ಕೆಲಸ ಅವರು ಮಾಡುವುದಿಲ್ಲ. ಬೆಕ್ಕಿಗೆ ಪ್ಯಾರಾಸಿಟಮಾಲ್ ಕೊಟ್ಟರೆ ಸಾಯುತ್ತದೆ ಅಂತ ಅವರಿಗೆ ಮೊದಲ ಪಾಠದಲ್ಲೇ ಗೊತ್ತು.

ಬಾವಿನ ವಿಷಯದಲ್ಲಿ ಇನ್ನೊಂದು ತೊಡಕಿದೆ. ಔಷಧಿ ಎಷ್ಟು ಹೊತ್ತು ರಕ್ತದಲ್ಲಿ ಇರುತ್ತದೆ ಅನ್ನುವುದಷ್ಟೇ ಅಲ್ಲ, ಬಾವು ಕೆರಳುವ ರೀತಿಯೇ ಪ್ರಾಣಿಯಿಂದ ಪ್ರಾಣಿಗೆ ಬೇರೆ. ಕೆಲವು ಬ್ಯಾಕ್ಟೀರಿಯಾದ ಗೋಡೆಯಲ್ಲಿ ಎಂಡೋಟಾಕ್ಸಿನ್ ಅಂತ ಒಂದು ವಿಷ ಇರುತ್ತದೆ. ಸ್ವಯಂಸೇವಕರಿಗೆ ಅದನ್ನು ಕೆಜಿಗೆ 2ರಿಂದ 4 ನ್ಯಾನೋಗ್ರಾಂ ಕೊಟ್ಟರೆ ಸಾಕು, ಚಳಿ ಜ್ವರ ಬರುತ್ತದೆ. ಚಿಟ್ಟಿಲಿ ಅದಕ್ಕಿಂತ ಸಾವಿರಾರು ಪಟ್ಟು ತಡೆದುಕೊಳ್ಳುತ್ತದೆ. ಕೊಳಕಿನಲ್ಲಿ ಬಾಳುವ ಜೀವ, ಅದರ ಮೈ ಅದಕ್ಕೆ ಒಗ್ಗಿಕೊಂಡಿದೆ ಅಂತ ನಾನು ಅಂದುಕೊಂಡಿದ್ದೇನೆ. 2013ರಲ್ಲಿ ಒಂದು ದೊಡ್ಡ ಅಧ್ಯಯನ, ಸುಟ್ಟಗಾಯ ಮತ್ತು ಸೋಂಕಿನ ಬಾವಿನಲ್ಲಿ ಚಿಟ್ಟಿಲಿಯ ಜೀನುಗಳು ಮನುಷ್ಯರ ಜೀನುಗಳ ಥರ ನಡೆದುಕೊಳ್ಳುವುದೇ ಇಲ್ಲ ಎಂದಿತು. ಅದೇ ಮಾಹಿತಿಯನ್ನು ಬೇರೆ ರೀತಿ ವಿಶ್ಲೇಷಿಸಿದ ಇನ್ನೊಂದು ತಂಡ, ಇಲ್ಲ, ಚೆನ್ನಾಗಿಯೇ ಹೋಲುತ್ತವೆ ಎಂದಿತು. ಜಗಳ ಮುಗಿದಿಲ್ಲ.

ಲೆಕ್ಕ ಸರಿ ಇದ್ದೂ ಕೆಟ್ಟ ಘಟನೆ ಲಂಡನ್‌ನಲ್ಲಿ ನಡೆಯಿತು. 2006ರ ಮಾರ್ಚ್. ರೋಗನಿರೋಧಕ ಕಣಗಳನ್ನು ಕೆಣಕುವ ಟಿಜಿಎನ್1412 ಎಂಬ ಹೊಸ ಔಷಧಿ. ಮಂಗಗಳು ಕೆಜಿಗೆ 50 ಮಿ.ಗ್ರಾಂ ತಡೆದುಕೊಂಡಿದ್ದವು. ಆರು ಜನ ಸ್ವಯಂಸೇವಕರಿಗೆ ಕೊಟ್ಟದ್ದು ಅದರ 500ನೇ ಒಂದು ಪಾಲು, ಕೆಜಿಗೆ 0.1 ಮಿ.ಗ್ರಾಂ. ಕೆಲವೇ ಗಂಟೆಯಲ್ಲಿ ಆರೂ ಜನರ ಮೈಯೆಲ್ಲ ಬಾವು ಭುಗಿಲೆದ್ದು ಐಸಿಯುಗೆ ಹೋದರು. ಎಲ್ಲರೂ ಬದುಕಿಕೊಂಡರು. ಔಷಧಿ ಮನುಷ್ಯರಲ್ಲಿ ಹಿಡಿದುಕೊಳ್ಳುವ ಒಂದು ಜಾತಿಯ ಕಣ ಆ ಮಂಗಗಳಲ್ಲಿ ಬೇರೆ ಥರ ಇತ್ತು. ಮಂಗದ ಲೆಕ್ಕವೇ ಹೀಗಾದರೆ ಇಲಿಯದ್ದು?

ಈಗ ಅರಿಶಿನ. ಇದರಲ್ಲಿ ನಮ್ಮ ರಾಜ್ಯದ್ದೇ ಒಂದು ಒಳ್ಳೆಯ ಪ್ರಯೋಗ ಇದೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು ಇಲಿ ಮತ್ತು ಮನುಷ್ಯರನ್ನು ಪಕ್ಕಪಕ್ಕ ಇಟ್ಟು ನೋಡಿದರು. ಅರಿಶಿನದ ಮುಖ್ಯ ಅಂಶ ಕರ್ಕ್ಯುಮಿನ್. ಇಲಿಗೆ ಕೆಜಿಗೆ 2 ಗ್ರಾಂ ಕೊಟ್ಟರು. ಮನುಷ್ಯರಿಗೆ ಒಟ್ಟು 2 ಗ್ರಾಂ. ಮನುಷ್ಯರ ರಕ್ತದಲ್ಲಿ ಅದು ಸಿಕ್ಕಿದ್ದು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಕರುಳು ಮತ್ತು ಲಿವರ್ ಅದನ್ನು ಬಂದ ಹಾಗೆ ಒಡೆದು ಹಾಕಿದ್ದವು. ಆಮೇಲೆ ಕರಿಮೆಣಸಿನ ಪೈಪರಿನ್ ಜೊತೆ ಕೊಟ್ಟರು. ಇಲಿಯಲ್ಲಿ ದೇಹಕ್ಕೆ ದಕ್ಕಿದ ಪ್ರಮಾಣ ಶೇ 154ರಷ್ಟು ಏರಿತು. ಮನುಷ್ಯರಲ್ಲಿ ಶೇ 2000ದಷ್ಟು! ಅದೇ ಎರಡು ಪದಾರ್ಥ, ಇಲಿಯಲ್ಲಿ ಸಣ್ಣ ಏರಿಕೆ, ನಮ್ಮಲ್ಲಿ ಭಾರಿ ಏರಿಕೆ. ಇಲಿಯನ್ನು ಮಾತ್ರ ನೋಡಿದ್ದರೆ "ಮೆಣಸು ಪರವಾಗಿಲ್ಲ, ಸ್ವಲ್ಪ ಸಹಾಯ ಮಾಡುತ್ತದೆ" ಅಂತ ಬರೆದು ಮುಗಿಸುತ್ತಿದ್ದರು. ನಾನು ಕ್ಲಾಸಿನಲ್ಲಿ ಪ್ರತಿ ಸಲ ಇದನ್ನೇ ಹೇಳುವುದು.

ಈಗ ನಿಮ್ಮ ಚಮಚದ ಲೆಕ್ಕ. ವರದಿಯಲ್ಲಿ ಇರುವುದು ಸಾರ, ಅಂದರೆ ಪುಡಿಯನ್ನು ಆಲ್ಕೋಹಾಲಿನಂಥದ್ದರಲ್ಲಿ ನೆನೆಸಿ, ಸೋಸಿ, ಒಣಗಿಸಿದ್ದು. ಅಡುಗೆ ಮನೆಯ ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಶೇ 3ರ ಆಸುಪಾಸು ಮಾತ್ರ. ಒಂದು ಟೀ ಚಮಚ ಪುಡಿ ಸುಮಾರು 3 ಗ್ರಾಂ, ಅದರಲ್ಲಿ 100 ಮಿ.ಗ್ರಾಂನಷ್ಟು ಕರ್ಕ್ಯುಮಿನ್. ಇಲಿಯ 400ನ್ನು 6.2ರಿಂದ ಭಾಗಿಸಿ 54ರಿಂದ ಗುಣಿಸಿದರೆ ಮೂರೂವರೆ ಗ್ರಾಂ ಸಾರ. ಅದು ಎಷ್ಟು ಪುಡಿಗೆ ಸಮ ಅನ್ನುವುದು ಆ ಹುಡುಗರು ಯಾವ ದ್ರಾವಕ ಬಳಸಿದರು, ಎಷ್ಟು ಸಾರ ಬಂತು ಅನ್ನುವುದರ ಮೇಲೆ ನಿಂತಿದೆ. ಇನ್ನೊಂದು ಊರಿನ ಅರಿಶಿನಕ್ಕೆ ಲೆಕ್ಕ ಮತ್ತೆ ಬದಲು. ಹಾಗಾಗಿ ಇಷ್ಟು ಚಮಚ ಅಂತ ನಾನು ಬರೆಯುವುದಿಲ್ಲ. ಬರೆದವರನ್ನು ನಂಬಬೇಡಿ ಅಂತ ಮಾತ್ರ ಹೇಳಬಲ್ಲೆ.

ಸಾರಿನಲ್ಲಿ, ಪಲ್ಯದಲ್ಲಿ, ರಾತ್ರಿ ಹಾಲಿನಲ್ಲಿ ಚಿಟಿಕೆ ಅರಿಶಿನ ಆರಾಮಾಗಿ ಹಾಕಿ. ಮೆಣಸು ಸೇರಿಸಿದ ಕರ್ಕ್ಯುಮಿನ್ ಕ್ಯಾಪ್ಸೂಲ್ ಮಾತ್ರ ಡಾಕ್ಟರಿಗೆ ಹೇಳದೆ ಕೊಡಬೇಡಿ. ಅಂಥ ಕ್ಯಾಪ್ಸೂಲಿನಿಂದ ಲಿವರ್ ಬಾವು ಬಂದ ಪ್ರಕರಣಗಳು ಇಟಲಿಯಲ್ಲಿ, ಅಮೆರಿಕದಲ್ಲಿ ದಾಖಲಾಗಿವೆ. ಪೈಪರಿನ್ ಕರ್ಕ್ಯುಮಿನ್ ಒಂದನ್ನೇ ಅಲ್ಲ, ಬೇರೆ ಔಷಧಿಗಳನ್ನೂ ರಕ್ತದಲ್ಲಿ ಏರಿಸುತ್ತದೆ. ಫಿಟ್ಸಿಗೆ ಕೊಡುವ ಫೆನಿಟಾಯಿನ್, ಬಿಪಿಗೆ ಕೊಡುವ ಪ್ರೊಪ್ರನಲಾಲ್‌ನಲ್ಲಿ ಇದನ್ನು ಅಳೆದು ನೋಡಿದ್ದಾರೆ.

ಡೋಸು ದುಪ್ಪಟ್ಟು ಮಾಡಿದರೆ ನೋವು ಪೂರ್ತಿ ಹೋಗುತ್ತದಾ ಅನ್ನುವುದು ನಿಮ್ಮ ಮನಸ್ಸಿನಲ್ಲಿ ಉಳಿದಿರಬಹುದು. ಇಲಿಯಲ್ಲಾಗಲಿ ನಮ್ಮಲ್ಲಾಗಲಿ ಹಾಗೆ ಆಗುವುದಿಲ್ಲ. ಡೋಸು ಏರಿದ ಹಾಗೆ ಪರಿಣಾಮ ಮೊದಲು ಜೋರಾಗಿ ಏರುತ್ತದೆ, ಆಮೇಲೆ ಸಮತಟ್ಟಾಗುತ್ತದೆ. ನೋವಿಗೆ ಐಬುಪ್ರೊಫೇನ್ ಒಂದು ಸಲಕ್ಕೆ 400 ಮಿ.ಗ್ರಾಂ ದಾಟಿದರೆ ಹೆಚ್ಚಿನ ಲಾಭ ಅಷ್ಟೇನೂ ಕಾಣುವುದಿಲ್ಲ. ಬಾವು ಇಳಿಸಲು ಮಾತ್ರ ದಿನದ ಒಟ್ಟು ಪ್ರಮಾಣ ಅದಕ್ಕಿಂತ ಜಾಸ್ತಿ ಬೇಕಾಗುತ್ತದೆ, ಕೆಲವು ದಿನ ಬಿಡದೆ ತಗೋಬೇಕಾಗುತ್ತದೆ. ಲಾಭ ನಿಂತ ಮೇಲೂ ಅಪಾಯ ನಿಲ್ಲುವುದಿಲ್ಲ. ಹೊಟ್ಟೆಯ ರಕ್ತಸ್ರಾವದ ಗೆರೆ ಡೋಸಿನ ಜೊತೆ ಮೇಲಕ್ಕೇ ಹೋಗುತ್ತದೆ. ಡೈಕ್ಲೋಫೆನಾಕಿಗೆ ಹೃದಯದ ಅಪಾಯವೂ ಇದೆ. 2013ರಲ್ಲಿ ಯುರೋಪಿನ ಔಷಧ ನಿಯಂತ್ರಕರು, ಹೃದಯಾಘಾತ ಅಥವಾ ಪಾರ್ಶ್ವವಾಯು ಆದವರಿಗೆ ಇದನ್ನು ಕೊಡಬೇಡಿ ಅಂದರು.

ಅವ್ವನ ವಿಷಯದಲ್ಲಿ ನನಗೆ ಚಿಂತೆ ಇರುವುದು ಇಲಿಯ ಲೆಕ್ಕದ ಬಗ್ಗೆ ಅಲ್ಲ, ನೀವು ಕೊನೆಯಲ್ಲಿ ಸುಮ್ನೆ ಸೇರಿಸಿದ ಬಿಪಿ ಗುಳಿಗೆಯ ಬಗ್ಗೆ. ಯಾವ ಗುಳಿಗೆ ಅಂತ ಬರೆದಿಲ್ಲ. ಟೆಲ್ಮಿಸಾರ್ಟನ್, ಲೋಸಾರ್ಟನ್, ಎನಲಾಪ್ರಿಲ್ ಇವುಗಳ ಪೈಕಿ ಒಂದಿದ್ದು, ಜೊತೆಗೆ ಮೂತ್ರ ಹೆಚ್ಚಿಸುವ ಹೈಡ್ರೋಕ್ಲೋರೋಥಯಾಜೈಡ್ ಇದ್ದು, ಮೇಲೆ ಡೈಕ್ಲೋಫೆನಾಕ್ ಸೇರಿದರೆ ಮೂರೂ ಸೇರಿ ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ಹಿಂಡಿಬಿಡುತ್ತವೆ. ಆ ಬಿಪಿ ಔಷಧಿ ಮತ್ತು ಹೈಡ್ರೋಕ್ಲೋರೋಥಯಾಜೈಡ್ ಒಂದೇ ಗುಳಿಗೆಯಲ್ಲಿ ಸೇರಿ ಬರುವುದೂ ಸಾಮಾನ್ಯ. ಚೀಟಿಯಲ್ಲಿ ಗುಳಿಗೆಯ ಹೆಸರಿನ ಕೊನೆಗೆ "ಎಚ್" ಅಕ್ಷರ ಇದೆಯಾ ನೋಡಿ. ನಮ್ಮ ಕಡೆಯ ಏಪ್ರಿಲ್-ಮೇ ಬಿಸಿಲು ಗೊತ್ತಲ್ಲ, 42 ಡಿಗ್ರಿ ದಾಟುತ್ತದೆ. ಹೊಲದಲ್ಲಿ ಬೆವರಿ ನೀರು ಕಮ್ಮಿ ಕುಡಿದ ದಿನ ಈ ಮೂರರ ಜೋಡಿ ಇನ್ನೂ ಕೆಟ್ಟದ್ದು. ತಣ್ಣಗಿನ ಲ್ಯಾಬಿನಲ್ಲಿ ಬಾಟಲಿ ನೀರು ಕುಡಿದು ಕೂತ ಎಳೆ ಇಲಿಯ ಮೇಲೆ ನಡೆದ ಪ್ರಯೋಗದಲ್ಲಿ ಇದೆಲ್ಲ ಎಲ್ಲಿ ಬರಬೇಕು?

ಇನ್ನೊಂದು ಮಾತು. 2006ರಲ್ಲಿ ಚಿಕುನ್‌ಗುನ್ಯಾ ಕಲಬುರಗಿ, ಬೀದರ್ ಕಡೆ ಬಂದು ಕೈಕಾಲು ಹಿಡಿದುಹೋದಾಗಿನಿಂದ, ಅಂಗಡಿಯಲ್ಲಿ ಕೇಳಿ ನೋವಿನ ಗುಳಿಗೆ ನುಂಗುವ ರೂಢಿ ಜಾಸ್ತಿ ಆಯ್ತು ಅನ್ನುವುದು ನನ್ನ ಅನಿಸಿಕೆ. ಬಣ್ಣಬಣ್ಣದ ನಾಲ್ಕು ಬಿಡಿ ಗುಳಿಗೆ ಕಾಗದದಲ್ಲಿ ಕಟ್ಟಿಕೊಡುತ್ತಾರಲ್ಲ, ಅದರಲ್ಲಿ ಎಷ್ಟೋ ಸಲ ಒಂದು ಸ್ಟೆರಾಯ್ಡ್ ಇರುತ್ತದೆ. ಅವತ್ತು ನೋವು ಮಾಯ. ಆದರೆ ಸ್ಟೆರಾಯ್ಡ್ ಮತ್ತು ಡೈಕ್ಲೋಫೆನಾಕ್ ಕೂಡಿದರೆ ಹೊಟ್ಟೆ ಹುಣ್ಣಿನ ಸಂಭವ ಹೆಚ್ಚು, ಬಿಪಿ ಸಕ್ಕರೆ ಏರುತ್ತದೆ. ಅವ್ವ ಅಂಥದ್ದು ತಗೊಳ್ಳುತ್ತಿದ್ದಾರಾ ಅಂತ ಪ್ರೀತಿಯಿಂದ ಕೇಳಿ. ಬೈದರೆ ಹೇಳುವುದಿಲ್ಲ.

ನಿಮ್ಮ ತಮ್ಮನಿಗೆ ಒಂದೆರಡು ಮಾತು. ಮುಂದೆ ಯಾವ ವರದಿ ಓದಿದರೂ ಡೋಸಿನ ಅಂಕಿಗಿಂತ ಮೊದಲು ನೋಡಬೇಕಾದ್ದು ಔಷಧಿ ಹೋದ ದಾರಿ. ಹೊಟ್ಟೆಯೊಳಗೆ ನೇರ ಚುಚ್ಚಿದ 10 ಮಿ.ಗ್ರಾಂ ಬೇರೆ, ಬಾಯಿಂದ ಕೊಟ್ಟ 10 ಬೇರೆ. ಬಾವಿಗೆ ಮೊದಲು ಕೊಟ್ಟರಾ, ಆಮೇಲೆ ಕೊಟ್ಟರಾ? ಒಂದೇ ಸಲವಾ, ದಿನಾನಾ? ಸಸ್ಯದ ಸಾರಗಳಿಗೆ 100, 200, 400 ಅಂತ ಮೂರು ಡೋಸು ಇಡುವುದು ಒಂದು ರೂಢಿ. 400 ಚೆನ್ನಾಗಿ ಕೆಲಸ ಮಾಡಿತು ಅಂದರೆ ಪರೀಕ್ಷಿಸಿದ ಮೂರರಲ್ಲಿ ಅದು ದೊಡ್ಡದಿತ್ತು ಅಂತ ಅರ್ಥ, ಅದೇ ಸರಿಯಾದ ಡೋಸು ಅಂತಲ್ಲ. ಸಾರ 400 ಬೇಕಾಯಿತು, ಡೈಕ್ಲೋಫೆನಾಕ್ 10 ಸಾಕಾಯಿತು ಅನ್ನುವುದನ್ನೂ ಅವನು ಒಂದು ಸಲ ಯೋಚಿಸಲಿ. ಇಲಿ ಪ್ರಯೋಗ ದಂಡ ಅಂತ ನಾನು ಹೇಳುತ್ತಿಲ್ಲ. ಒಂದು ಪದಾರ್ಥ ಬಾವಿನ ಮೇಲೆ ಕೆಲಸ ಮಾಡುತ್ತದಾ ಇಲ್ಲವಾ, ಹೇಗೆ ಮಾಡುತ್ತದೆ ಅಂತ ತಿಳಿಯಲು ಅದು ಒಳ್ಳೆಯ ದಾರಿ. ಎಷ್ಟು ಕೊಡಬೇಕು ಅನ್ನುವ ಪ್ರಶ್ನೆಗೆ ಉತ್ತರ ಮನುಷ್ಯರ ಪ್ರಯೋಗದಲ್ಲೇ ಸಿಗುವುದು.

ಅವ್ವನಿಗೆ ಮುಂದೇನು? ಹತ್ತು ದಿನ ಮುಗಿದ ಮೇಲೆ ಅದೇ ಚೀಟಿ ತೋರಿಸಿ ಮತ್ತೆ ಗುಳಿಗೆ ತರಬೇಡಿ. ಡಾಕ್ಟರ್ ಹತ್ತಿರ ಹೋಗುವಾಗ ಬಿಪಿ ಗುಳಿಗೆಯ ಪಟ್ಟಿಯನ್ನೇ ತೆಗೆದುಕೊಂಡು ಹೋಗಿ. ಮೂತ್ರಪಿಂಡ ಹೇಗಿದೆ ಅಂತ ತಿಳಿಯಲು ರಕ್ತದಲ್ಲಿ ಕ್ರಿಯಾಟಿನಿನ್ ಒಂದು ನೋಡಿಸೋಣವಾ ಅಂತ ಕೇಳಿ, ದೊಡ್ಡ ಖರ್ಚಿನ ಪರೀಕ್ಷೆ ಅಲ್ಲ. ಹೊಟ್ಟೆಯ ಆಮ್ಲ ಕಮ್ಮಿ ಮಾಡುವ ಪ್ಯಾಂಟೊಪ್ರಜೋಲ್ ಬೇಕಾ ಅಂತಲೂ ಕೇಳಿ. ಮೊಣಕಾಲಿಗೆ ಹಚ್ಚುವ ಡೈಕ್ಲೋಫೆನಾಕ್ ಜೆಲ್ ಸಾಕಾಗುತ್ತದಾ ಅಂತ ವಿಚಾರಿಸಿ. ಸವೆದ ಮೊಣಕಾಲಿಗೆ ಈಗ ಮೊದಲು ಜೆಲ್ಲನ್ನೇ ಬಳಸಿ ನೋಡಿ ಅನ್ನುತ್ತಾರೆ, ಗುಳಿಗೆಗೆ ಹೋಲಿಸಿದರೆ ರಕ್ತಕ್ಕೆ ಸೇರುವುದು ಹತ್ತರಲ್ಲಿ ಒಂದು ಪಾಲಿಗಿಂತ ಕಮ್ಮಿ. ತೊಡೆಯ ಮುಂಭಾಗದ ಸ್ನಾಯು ಗಟ್ಟಿ ಮಾಡುವ ವ್ಯಾಯಾಮವನ್ನು ಫಿಸಿಯೋಥೆರಪಿಯವರಿಂದ ಕಲಿಸಿ. ಕುರ್ಚಿಯ ಮೇಲೆ ಕೂತು ಕಾಲು ನೇರ ಚಾಚಿ ಸ್ವಲ್ಪ ಹೊತ್ತು ಹಿಡಿಯುವುದು, ಬಿಡುವುದು. ಮನೆಯಲ್ಲೇ ಮಾಡಬಹುದು. ಮಲ ಕಪ್ಪಗೆ ಡಾಂಬರಿನ ಹಾಗೆ ಹೋದರೆ, ಮೂತ್ರ ಕಮ್ಮಿಯಾದರೆ, ಮುಖ ಅಥವಾ ಎರಡೂ ಪಾದ ಊದಿಕೊಂಡರೆ ಡೈಕ್ಲೋಫೆನಾಕ್ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ.